ಕೃಷ್ಣವ್ವ ಉಣ್ಣುವ ಹೊತ್ತು

"ಅಪ್ಪಾ, ಗುಳಿಗಿಯಾದ್ರೂ ತಗೋ. ಅವ್ವನ್ನ ಒಯ್ಯೂದು ಇನ್ನೂ ತಡಾ ಐತಿ," ಎನ್ನುತ್ತ ಪರಶು ಒಂದು ಬಾಳೆಹಣ್ಣನ್ನೂ ಸಕ್ಕರೆ ಕಾಯಿಲೆಯ ಗುಳಿಗೆಯನ್ನೂ ಸೋಮಪ್ಪನ ಅಂಗೈಗೆ ಹಾಕಿದ. ಸೋಮಪ್ಪ ಹಣ್ಣು ಸುಲಿದ, ತಿನ್ನಲಿಲ್ಲ. ಪಡಸಾಲೆಯ ಕುರ್ಚಿಯಲ್ಲಿ ಅವನ ಹೆಂಡತಿ ಕೃಷ್ಣವ್ವನ ಹೆಣವನ್ನು ಕೂಡಿಸಿದ್ದರು.

"ಪುಣ್ಯವಂತಿ," ಎಂದ ಅವನ ತಮ್ಮ ಯಮನಪ್ಪ. "ನಿನ್ನೆ ಮಧ್ಯಾಹ್ನ ಉಂಡು ಒರಗಿದಾಕಿ ಏಳಲೇ ಇಲ್ಲ. ಇಂಥಾ ಸಾವು ಯಾರಿಗೆ ಬರತೈತಿ?"

"ಆಕಿ ಹಗಲ ಒರಗಾಕಿ ಅಲ್ಲೋ. ನಲವತ್ತು ವರ್ಷದಾಗ ಒಂದಿನಾ ನಾ ನೋಡಿಲ್ಲ."

ಹೂವು ಕಟ್ಟುತ್ತಿದ್ದ ಪಕ್ಕದ ಮನೆಯ ಶಟ್ಟೆವ್ವ ತಲೆ ಎತ್ತಲಿಲ್ಲ. "ನೀವು ಉಂಡು ಊರ ಕಟ್ಟಿ ಮ್ಯಾಲೆ ಕುಂದರಾಕ ಹೋದ ಬಳಿಕ ಆಕಿ ಉಣ್ಣಾಕಿ. ನಿಮಗ ಹೆಂಗ ಕಾಣಬೇಕು? ಎರಡು ವರ್ಷ ಆತು, ತುತ್ತು ಕೈಯಾಗ ಇದ್ದಂಗನ ನಿದ್ದಿ. ನಾನ ಎಬ್ಬಸ್ತಿದ್ದೆ. 'ಯಾರ ಮುಂದೂ ಅನಬ್ಯಾಡ, ಮುದುಕಿ ಮೈಗಳ್ಳಿ ಆತು ಅಂತಾರ' ಅಂತಿದ್ಲು."

ಸೋಮಪ್ಪ ಹಣ್ಣನ್ನು ಹಾಗೆಯೇ ಹಿಡಿದು ಕುಳಿತ.

*

ಮೂರು ವರ್ಷದ ಹಿಂದೆ ಆ ನಿದ್ದೆ ಹತ್ತಿದ್ದು ಅವನಿಗೆ. ಬಸ್ ಕಂಡಕ್ಟರಾಗಿ ನಿವೃತ್ತನಾದ ಮೇಲೆ, ಊಟ ಮುಗಿದರೆ ಸಾಕು, ಮಾತಿನ ನಡುವೆಯೇ ಕತ್ತು ವಾಲುತ್ತಿತ್ತು. ಸಂಪಗಾಂವದ ಕಟ್ಟೆಯ ಮೇಲೆ ಎಲ್ಲರೂ ನಕ್ಕರು. ಕೃಷ್ಣವ್ವ ನಗಲಿಲ್ಲ. ಬೈಲಹೊಂಗಲಕ್ಕೆ ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ಕೂಡಿಸಿದಳು.

"ಉಂಡ ಮ್ಯಾಲೆ ಸ್ವಲ್ಪ ಜೋಂಪು ಹತ್ತೂದು ವಯಸ್ಸಾದವರಿಗೆ ಸಹಜ," ಎಂದರು ಡಾಕ್ಟರು. "ಆದ್ರ ದಿನಾ ಹಿಂಗ ಎಚ್ಚರಿಲ್ಲದಂಗ ಆದ್ರ ನೋಡಬೇಕು. ಸಕ್ಕರಿ ಇರಬಹುದು, ರಕ್ತ ಕಡಿಮಿ ಇರಬಹುದು, ರಾತ್ರಿ ನಿದ್ದಿ ಸಾಲದ ಇರಬಹುದು."

ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಚೀಟಿ ಬರೆದುಕೊಟ್ಟ ಡಾಕ್ಟರು ಕೃಷ್ಣವ್ವನ ಮುಖವನ್ನೇ ನೋಡಿದರು. "ನೀವೂ ಬಿಳಿಚಿಕೊಂಡೀರಿ. ನಿಮಗೇನರ ತ್ರಾಸು ಐತೇನು?"

"ಆಕಿಗೇನಾಗೇತ್ರಿ! ಗಟ್ಟಿ ಜೀವ," ಎಂದು ಸೋಮಪ್ಪನೇ ಉತ್ತರ ಕೊಟ್ಟ.

ಕೃಷ್ಣವ್ವ ಸೆರಗು ಸರಿಮಾಡಿಕೊಂಡು ಎದ್ದಳು. "ನಡೀರಿ, ಬಸ್ ತಪ್ಪತೈತಿ."

*

ಮಣ್ಣು ಕೊಟ್ಟು ಬಂದು, ಮಿಂದು, ಗಂಡಸರು ಪಡಸಾಲೆಯಲ್ಲಿ ಸಾಲಾಗಿ ಕುಳಿತರು. ನೆರೆಯವರು ರೊಟ್ಟಿ, ಬೇಳೆಪಲ್ಲೆ ತಂದಿದ್ದರು. ಸೋಮಪ್ಪ ತಾಟು ಹಿಡಿದು ಅಡುಗೆಮನೆಗೆ ಬಂದದ್ದನ್ನು ಕಂಡು ಸೊಸೆ ಮಾಲಾ ಗಾಬರಿಯಾದಳು.

"ಏನ ಬೇಕ್ರಿ ಮಾವಾ? ಅಲ್ಲೇ ತರತೇನಿ."

"ನಿಮ್ಮತ್ತಿ ಉಣ್ಣಾಕ ಎಲ್ಲಿ ಕುಂದರತಿದ್ಲು?"

ಮಾಲಾ ಹಿಟ್ಟಿನ ಡಬ್ಬಿಗಳ ಮಗ್ಗುಲು ತೋರಿಸಿದಳು. ಒಬ್ಬರು ಮುದುರಿ ಕೂರುವಷ್ಟೇ ಜಾಗ. ಸೋಮಪ್ಪ ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕುಳಿತ. ದೀಪಾವಳಿಗೆ ಬಳಿದ ಸುಣ್ಣ ಇನ್ನೂ ಬೆಳ್ಳಗಿತ್ತು. ಅದರ ಮೇಲೆ, ಅವನ ಕಿವಿಗಿಂತ ಒಂದು ಗೇಣು ಕೆಳಗೆ, ತಲೆಯೆಣ್ಣೆಯ ಕರೆಯೊಂದು ಅಂಗೈಯಗಲ ಹರಡಿ ಕಪ್ಪಗೆ ಹೊಳೆಯುತ್ತಿತ್ತು.