ಪಟ್ಟಿಗೆ ಸೇರದ ಲೈಬ್ರರಿ

ಪ್ರೋಗ್ರಾಮ್ ಅನ್ನೋದನ್ನ ಯಾರೂ ಪೂರ್ತಿ ತಾವೇ ಬರೆಯಲ್ಲ, ಸ್ವಾಮಿ. ಯಾರ್ಯಾರೋ ಎಲ್ಲೆಲ್ಲೋ ಕೂತು ಬರೆದಿಟ್ಟ ಕೋಡಿನ ಕಟ್ಟುಗಳನ್ನ, ಅಂದ್ರೆ ಲೈಬ್ರರಿಗಳನ್ನ, ತಂದು ಜೋಡಿಸ್ತಾರೆ, ಮೇಲೆ ತಮ್ಮ ಹೆಸರು ಹಾಕ್ಕಂತಾರೆ. ಚಳ್ಳಕೆರೆಯ ಹನುಮಂತರಾಯನ ಅಂಗಡಿಯದೂ ಅದೇ ಕಥೆ. ಹೊಲದ ಪಂಪುಗಳನ್ನ ದೂರದಿಂದಲೇ ಚಾಲೂ ಮಾಡೋ, ಬಂದ್ ಮಾಡೋ ಪ್ರೋಗ್ರಾಮ್ ಅವನದು. ಮೊಳಕಾಲ್ಮೂರು ಕಡೆ ಅರವತ್ತು ಪಂಪು ಅದರ ಮಾತು ಕೇಳ್ತಿದ್ವು.

ಸಂದೇಶ ಕಳಿಸೋ ಒಂದು ಲೈಬ್ರರಿಯಲ್ಲಿ ದೋಷ ಐತೆ ಅಂತ ಅದನ್ನ ಬರೆದೋರೇ ಎಚ್ಚರಿಕೆ ಹೊರಡಿಸಿದ್ರು. ನೆಟ್‌ವರ್ಕ್ ಹೋದಾಗ ಸಿಕ್ಕಿಬಿದ್ದ ಹಳೇ ಆದೇಶವನ್ನ ಅದು ಕೈಬಿಡಲ್ಲ, ಹೊಸದು ಹೋದ ಮೇಲೂ ತಲುಪಿಸಿಬಿಡ್ತದೆ. ನಮ್ಮದರಲ್ಲಿ ಹೊರಗಿನವು ಏನೇನು ಅವೆ, ಪಟ್ಟಿ ಮಾಡು ಅಂದ ಹನುಮಂತರಾಯ. ಅಂಗಡಿಯಲ್ಲಿ ಕೋಡು ಬಲ್ಲೋಳು ಕಾಂಚನಾ ಒಬ್ಬಳೇ. ಕಮಾಂಡು ಕೊಟ್ಟಳು, ಮೂವತ್ತೊಂದು ಹೆಸರು ಬಂದ್ವು, ದೋಷದ್ದು ಇರಲಿಲ್ಲ. ಆದ್ರೆ ಕಮಾಂಡು ಓದೋದು ದಾಖಲೆಯಲ್ಲಿ ಬರೆದಿದ್ದನ್ನ ಮಾತ್ರ. ಯಾರಾದ್ರೂ ಕೈಯಾರೆ ತಂದು ಹಾಕಿದ್ದು ಸಿಗಬೇಕಂದ್ರೆ ಒಂದೊಂದು ಫೋಲ್ಡರನ್ನೂ ತೆಗೆದು ನೋಡಬೇಕು. ಅದು ಅವಳಿಗೆ ಗೊತ್ತಿತ್ತು. ತೆಗೆದಳು ಕೂಡ, ಒಂದನ್ನ ಬಿಟ್ಟು.

ಅದರ ಹೆಸರು ಗೌರಸಮುದ್ರ ಮಾರಮ್ಮ. ಅವಳಿಗಿಂತ ಮುಂಚೆ ಅಲ್ಲಿದ್ದ ತಿಪ್ಪೇರುದ್ರ, ನೆಟ್ ಕೈಕೊಟ್ಟ ದಿನ ಆ ಲೈಬ್ರರಿಯನ್ನ ಪೆನ್‌ಡ್ರೈವಲ್ಲಿ ತಂದು ಸುರಿದು, ಯಾರೂ ಅಳಿಸದಿರಲಿ ಅಂತ ಫೋಲ್ಡರಿಗೆ ಗ್ರಾಮದೇವತೆ ಅಮ್ಮನ ಹೆಸರಿಟ್ಟಿದ್ದ. ಭಾರಿ ಬುದ್ಧಿವಂತ. ಈ ಸೀಮೆಯಲ್ಲಿ ಆ ಹೆಸರಿಗೆ ಕೈ ಹಚ್ಚೋ ಎದೆ ಯಾರಿಗೈತೆ? ಒಳಗೆ ಅಮ್ಮನ ಫೋಟೋ ಇರಬೇಕು ಅಂದ್ಕಂಡು ಕಾಂಚನಾ ಕೈ ಕಣ್ಣಿಗೊತ್ಕಂಡು ಮುಂದೆ ಹೋದಳು. ನಗು ಬಂದ್ರೆ ಈಗಲೇ ನಕ್ಕುಬಿಡಿ.

ಹತ್ತು ದಿನಕ್ಕೆ ಸಿದ್ದಾಪುರದ ಬಾಲರಾಜು ರಸ್ತೆಯಿಂದ ಫೋನ್ ಮಾಡಿದ. ಪಂಪ್ ರಿಪೇರಿ ಅವನ ಕಸುಬು. ಬಾವಿಗೆ ಇಳೀತಿದೀನಿ, ಫ್ಯೂಸ್ ಗುಡ್ಡದ ಆ ಕಡೆ ಐತೆ, ಹೋಗಿ ಕಿತ್ತೇ ಬರ್ಲಾ ಅಂತ ಕೇಳಿದ. ಆ ಪಂಪಿಗೆ ಬೆಳಿಗ್ಗೆ ಕೊಟ್ಟ ಚಾಲೂ ಆದೇಶ ಬಂಡೆಗಳ ನಡುವೆ ನೆಟ್‌ವರ್ಕ್ ಸಿಗದೆ ತಲುಪೇ ಇರಲಿಲ್ಲ. "ಬ್ಯಾಡಣ್ಣ, ಇಲ್ಲಿಂದ ಬಂದ್ ಮಾಡಿದೀನಿ. ಧೈರ್ಯವಾಗಿ ಕೈ ಹಾಕು" ಅಂದಳು ಕಾಂಚನಾ.

ಮುಕ್ಕಾಲು ಗಂಟೆಯಲ್ಲಿ ಅವನ ಹೆಣ ಮೇಲೆ ತಂದ್ರು.

ಸುದ್ದಿ ಕೇಳಿದವಳೇ ಅವಳು ಆ ಫೋಲ್ಡರ್ ತೆಗೆದಳು. ದೋಷದ ಲೈಬ್ರರಿ ಅಲ್ಲೇ ಕೂತಿತ್ತು. ಬೆಳಗಿನ ಚಾಲೂ ಆದೇಶವನ್ನ ಅದು ಬಂದ್ ಆದ ಮೇಲೆ ತಲುಪಿಸಿತ್ತು, ಬಾವಿಯೊಳಗಿದ್ದ ಬಾಲರಾಜುಗೆ ಕರೆಂಟು ಹೊಡೆದಿತ್ತು. ಅರವತ್ತೂ ಪಂಪಿನೋರಿಗೆ ಫೋನ್ ಮಾಡಿ ಫ್ಯೂಸ್ ಕೀಳಿಸಿದಳು. ಹನುಮಂತರಾಯ ಬಾಗಿಲು ಹಾಕ್ಕಂಡು, ಪಟ್ಟಿ ಚೊಕ್ಕ ಐತೆ, ಬಾಯಿ ಮುಚ್ಕಂಡಿರು ಅಂದ. ಮಾರನೇ ದಿನಕ್ಕೆ ಬಾಲರಾಜು ಕುಡಿದು ಬಾವಿಗಿಳಿದಿದ್ನಂತೆ ಅನ್ನೋ ಮಾತು ಊರೂರು ಸುತ್ತಿತು. ಹಬ್ಬಿಸಿದೋನು ಯಾರು ಅಂತ ನಾನು ಬಾಯಿಬಿಟ್ಟು ಹೇಳಬೇಕಾ? ಜನ್ಮದಲ್ಲಿ ಹೆಂಡ ಮುಟ್ಟದವನ ಮೇಲೆ ಇಂಥ ಮಾತು. ಕಾಂಚನಾಗೆ ಮೂರು ದಿನ ತುತ್ತು ಇಳೀಲಿಲ್ಲ. ನಾಲ್ಕನೇ ದಿನ ಸಿದ್ದಾಪುರದ ಬಸ್ ಹತ್ತಿದಳು.

ಬಾಲರಾಜುವಿನ ಅವ್ವ ದುರುಗಕ್ಕ ಒಳಗೆ ಗೋಡೆಗೊರಗಿ ಕೂತಿದ್ದಳು. ಕಾಂಚನಾ ಫೋನಲ್ಲಿ ಆಡಿದ ಮಾತಿನಿಂದ ಹಿಡಿದು ತೆಗೆಯದ ಫೋಲ್ಡರ್ ತನಕ ಎಲ್ಲಾ ಹೇಳಿದಳು. ಮುದುಕಿ ಅಳಲಿಲ್ಲ.

"ಅದಕ್ಕೆ ಬೀಗ ಇತ್ತೇನವ್ವ?"

"ಇರಲಿಲ್ಲ."

ದುರುಗಕ್ಕ ಎದ್ದು ಅವಳ ರಟ್ಟೆ ಹಿಡಿದು ಅಂಗಳಕ್ಕೆ ಕರ್ಕಂಡು ಬಂದಳು. ಅಲ್ಲಿ ಬಂಧುಬಳಗ, ನಾಲ್ಕು ದಿನದಿಂದ ಕುಡುಕ ಅಂತ ಗುಸುಗುಸು ಆಡಿದೋರು, ಎಲ್ಲಾ ಕೂತಿದ್ರು.

"ಬಾಲರಾಜಣ್ಣ ಕುಡಿದಿರಲಿಲ್ಲ" ಅಂದಳು ಕಾಂಚನಾ. "ಕೈ ಹಾಕು ಅಂದೋಳು ನಾನು."

ದುರುಗಕ್ಕ ಹಿಡಿದ ರಟ್ಟೆ ಬಿಡಲಿಲ್ಲ.

"ಹಿಂದೆ ಕೂತೋರಿಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."