ಒಳಗೆ ಹಿಡಿದ ಹೊಲಿಗೆ

ಮೊದಲು ವಾಪಸು ಬಂದದ್ದು ಒಂದು ನೀಲಿ ಅಂಗಿ. ತೋಳು ಸರಿ, ಜೇಬು ಸರಿ, ಗುಂಡಿ ಸರಿ. ಕುತ್ತಿಗೆ ಮಾತ್ರ ಈ ತುದಿಯಿಂದ ಆ ತುದಿಗೆ ಹೊಲಿದು ಮುಚ್ಚಿತ್ತು. ಹೊಲಿಗೆ ಗೆರೆ ಎಳೆದಂತೆ ನೇರವಾಗಿತ್ತು.

"ತಲೆ ಎಲ್ಲಿಂದ ತೂರಿಸಲಿ ಮಾಸ್ಟರ್?" ಎಂದು ಗಿರಾಕಿ ನಕ್ಕ. ಮಾಸ್ಟರೂ ನಕ್ಕರು. ಆ ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರು ಅವರು, ಹೊಲಿಯುವವಳು ಅವರ ಹೆಂಡತಿ. ಹದಿನಾಲ್ಕು ವರ್ಷದಲ್ಲಿ ಅವಳ ಕೈ ತಪ್ಪಿದ್ದಿಲ್ಲ. ಏನೋ ಮರೆವು ಎಂದುಕೊಂಡು ಬ್ಲೇಡಿನಿಂದ ಹೊಲಿಗೆ ಬಿಚ್ಚಿಕೊಟ್ಟರು. ಅದೇ ವಾರ ಇನ್ನೆರಡು ಅಂಗಿಗಳು ಹಾಗೇ ಬಂದವು. ಆಗ ಯಾರಿಗೂ ನಗು ಬರಲಿಲ್ಲ.

"ಏನೇ ಇದು?" ಎಂದು ಮಾಸ್ಟರ್ ಹೆಂಡತಿಯನ್ನು ಕೇಳಿದರು.

"ಯಾರೋ ಹಿಂದೆ ಬಂದು ನಿಂತ್ಕೋತಾರೆ ರೀ," ಅಂದಳು ಅವಳು, ತಲೆ ಎತ್ತದೆ. "ಬೇಗ ಬೇಗ ಅನ್ನಿಸುತ್ತೆ. ಎಲ್ಲಿ ನಿಲ್ಲಿಸಬೇಕು ಅಂತಾನೇ ಗೊತ್ತಾಗಲ್ಲ."

ಅವಳ ಬೆನ್ನ ಹಿಂದೆ ಇದ್ದದ್ದು ಬಟ್ಟೆ ಹಾಕಿ ನೋಡುವ ಸಣ್ಣ ಕೋಣೆ. ನಡು ಮಧ್ಯಾಹ್ನ, ಫ್ಯಾನು ಕೂಡ ತಿರುಗುತ್ತಿರಲಿಲ್ಲ. ಮಾಸ್ಟರ್ ಪರದೆ ಸರಿಸಿದರು. ಒಂದು ಸ್ಟೂಲು, ಒಂದು ಮೊಳೆ, ಒಂದು ಕನ್ನಡಿ. ಕನ್ನಡಿಯಲ್ಲಿ ಅವರದೇ ಮುಖ. ಕೈ ಬಿಟ್ಟ ಮೇಲೂ ಪರದೆ ಅಲ್ಲಾಡುತ್ತಲೇ ಇತ್ತು. ಅವರಿಗೂ ಭಯವಾಯಿತು, ಆದರೆ ಹೇಳಿಕೊಳ್ಳುವ ಪೈಕಿಯವರಲ್ಲ.

"ಭ್ರಮೆ ಕಣೇ. ಎರಡು ದಿನ ಚೆನ್ನಾಗಿ ಮಲಗು, ಎಲ್ಲಾ ಸರಿಹೋಗುತ್ತೆ," ಎಂದು ಮಿಷನ್ನನ್ನು ತಿರುಗಿಸಿ, ಅವಳ ಬೆನ್ನು ಗೋಡೆಗೆ ಬರುವಂತೆ ಇಟ್ಟರು.

ಮರುದಿನ ಅವಳು ಮೆಲ್ಲಗೆ ಅಂದಳು, "ಈಗ ಗೋಡೆಯೊಳಗಿಂದ ನೋಡ್ತಾರೆ."

ಮಲಗು ಅಂದರೆ ನಿದ್ದೆ ಬರಬೇಕಲ್ಲ? ಒಂದೂವರೆ ವರ್ಷ ಅವಳು ಹಾಸಿಗೆ ಹಿಡಿದ ತಾಯಿಯ ಆರೈಕೆ ಮಾಡಿದ್ದಳು. ತಾಯಿ ತೀರಿಕೊಂಡ ನಾಲ್ಕನೇ ದಿನವೇ ಮಿಷನ್ನಿನ ಮುಂದೆ ಕೂತಿದ್ದಳು, ಶಾಲೆಯ ಯೂನಿಫಾರ್ಮಿನ ರಾಶಿ ಬಿದ್ದಿತ್ತು. ಅತ್ತದ್ದನ್ನು ಯಾರೂ ನೋಡಲಿಲ್ಲ. ಈಗ ಊಟಕ್ಕೆ ಕೂತರೆ ತುತ್ತು ಇಳಿಯದು. ಒಂದು ದಿನ ಕೆಳಗೆ ಬಿದ್ದ ಚಮಚ ಎತ್ತಲು ಬಗ್ಗಿದ ಮಾಸ್ಟರಿಗೆ ಮೇಜಿನಡಿ ಅವಳ ಬಲಗಾಲು ಕಂಡಿತು. ಅಲ್ಲಿ ಪೆಡಲಿರಲಿಲ್ಲ, ಮಿಷನ್ನಿರಲಿಲ್ಲ. ಆದರೂ ಕಾಲು ಒತ್ತುತ್ತಲೇ ಇತ್ತು. ಅವರು ಚಮಚ ಎತ್ತಿಕೊಂಡು ಊಟ ಮುಗಿಸಿದರು.

ಆರೋಗ್ಯ ಕೇಂದ್ರದ ನರ್ಸಮ್ಮ ಹಳೆಯ ಗಿರಾಕಿ. ಆ ಶನಿವಾರ ತಮ್ಮ ಬಿಳಿ ಕೋಟು ತೆಗೆದುಕೊಂಡು ಹೋಗಲು ಬಂದರು. ಕೋಟು ಕೊಟ್ಟ ಅವಳ ಕೈಯನ್ನು ಹಿಡಿದವರು ಬಿಡಲೇ ಇಲ್ಲ.

"ಏನಮ್ಮಾ ಇಷ್ಟು ಸೊರಗಿದ್ದೀಯ?"

"ಎಲ್ಲಿ ಸೊರಗಿದ್ದಾಳೆ?" ಎಂದರು ಮಾಸ್ಟರ್. "ಬಟ್ಟೆ ನೋಡಿ, ಮೈಗೆ ಹೇಳಿ ಮಾಡಿಸಿದ ಹಾಗಿದೆ."

ನರ್ಸಮ್ಮ ಅವಳ ಅಂಗಿಯ ಪಕ್ಕದ ಅಂಚನ್ನು ಮಗುಚಿ ನೋಡಿದರು. ಒಳಗೆ ಒಂದರ ಪಕ್ಕ ಒಂದು, ಮೂರು ಸಾಲು ಹೊಲಿಗೆ.

"ಮೂರು ಸಲ ಒಳಗೆ ಹಿಡಿದು ಬಿಗಿ ಮಾಡಿದ್ದೀರಿ ಮಾಸ್ಟರ್. ಯಾಕೆ ಸಡಿಲ ಆಗ್ತಿದೆ ಅಂತ ಒಂದು ಸಲವಾದ್ರೂ ಕೇಳಿದ್ರಾ?"

ಮಾಸ್ಟರ್ ಆ ಮೂರು ಸಾಲುಗಳನ್ನು ಬಗ್ಗಿ ನೋಡಿದರು. ಅರ್ಧ ಇಂಚಿನ ವ್ಯತ್ಯಾಸ ದೂರದಿಂದಲೇ ಹೇಳುವ ಮನುಷ್ಯ! ಅವಳು ಅಂಗಿ ಸಡಿಲವಾಯಿತು ಅಂದಾಗೆಲ್ಲ ಸೂಜಿಗೆ ದಾರ ಪೋಣಿಸಿದ್ದರೇ ಹೊರತು ಅವಳ ಮುಖ ನೋಡಿರಲಿಲ್ಲ.

ನರ್ಸಮ್ಮ ಅವಳನ್ನು ಕೂರಿಸಿಕೊಂಡು ನೇರವಾಗಿ ಕೇಳಿದರು, "ಬದುಕೋದೇ ಬೇಡ ಅನ್ನಿಸ್ತಿದೆಯಾ ತಾಯಿ?"

"ಹೂಂ ಅಕ್ಕ. ದಿನಾ ಅನ್ನಿಸುತ್ತೆ."

"ಅದನ್ನೆಲ್ಲ ಯಾಕೆ ಬಾಯಿಬಿಟ್ಟು ಕೇಳ್ತೀರಿ?" ಎಂದರು ಮಾಸ್ಟರ್.

"ಕೇಳಿದ್ರೆ ಆ ಯೋಚನೆ ಹೊಸದಾಗಿ ಹುಟ್ಟಲ್ಲ. ಒಳಗೇ ಇಟ್ಟುಕೊಂಡವರಿಗೆ ಹೇಳೋಕೆ ದಾರಿ ಆಗುತ್ತೆ. ನೋಡಿ, ಅಪಾಯ ಬಂದಾಗ ನಮ್ಮ ಮೈ ಕೆಲವು ರಸಗಳನ್ನ ಬಿಡುತ್ತೆ. ಅದರಲ್ಲಿ ಒಂದು ಕಾರ್ಟಿಸಾಲ್. ಮೂತ್ರಪಿಂಡದ ಮೇಲಿರೋ ಪುಟ್ಟ ಗ್ರಂಥಿಯಿಂದ ಬರುತ್ತೆ. ಓಡೋಕೆ, ದುಡಿಯೋಕೆ ಅದು ಬೇಕೇ ಬೇಕು. ಅಪಾಯ ಕಳೆದ ಮೇಲೆ ಇಳೀಬೇಕು. ನಿಮ್ಮ ಮಿಷನ್ ಪೆಡಲಿಂದ ಕಾಲು ತೆಗೆದ್ರೂ ಮೋಟಾರು ನಿಲ್ಲದೇ ಹೋದ್ರೆ ಏನಾಗುತ್ತೆ?"

"ಬಿಸಿಯಾಗುತ್ತೆ. ಸುಟ್ಟುಹೋಗುತ್ತೆ."

"ತಿಂಗಳುಗಟ್ಟಲೆ ಒತ್ತಡ ಇದ್ದರೆ ಕೆಲವರ ಮೈಯಲ್ಲೂ ಈ ಏರಿಳಿತ ಕೆಡುತ್ತೆ. ನಿದ್ದೆ, ಹಸಿವು, ನೆನಪು ಹಾಳಾಗುತ್ತೆ. ಖಿನ್ನತೆಗೆ ಅದೂ ಒಂದು ಕಾರಣ ಆಗಬಹುದು. ಅದೊಂದೇ ಅಲ್ಲ, ಎಲ್ಲರಿಗೂ ಹಾಗೆ ಆಗೋದೂ ಇಲ್ಲ. ಖಿನ್ನತೆ ಜೋರಾದ್ರೆ ಕೆಲವರಿಗೆ ಇಲ್ಲದವರು ಇದ್ದ ಹಾಗೂ ಅನ್ನಿಸುತ್ತೆ. ಇವಳದ್ದು ಏನು ಅಂತ ಡಾಕ್ಟರೇ ನೋಡಿ ಹೇಳಬೇಕು. ಇವತ್ತೇ. ಅಲ್ಲೀವರೆಗೂ ಒಬ್ಬಳನ್ನೇ ಬಿಡಬೇಡಿ."

"ಜನ ಹುಚ್ಚು ಅಂದರೆ?"

"ಜನ ಇವಳನ್ನ ಉಳಿಸಿಕೊಡ್ತಾರಾ ಮಾಸ್ಟರ್?"

ಮಾಸ್ಟರ್ ಹೆಂಡತಿಯ ಕಾಲಿನ ಕಡೆ ನೋಡಿದರು. ಬರಿಯ ನೆಲವನ್ನು ಅದು ಒತ್ತುತ್ತಿತ್ತು. ಎದ್ದು ಅಂಗಡಿಯ ಬಾಗಿಲು ಎಳೆದು, ಅವಳ ಜೊತೆ ಆಸ್ಪತ್ರೆಗೆ ಹೊರಟರು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಬಹಳ ಹೊತ್ತು ಮಾತಾಡಿಸಿದರು. ಖಿನ್ನತೆ ಎಂದರು. ಮಾತ್ರೆ ಬರೆದುಕೊಟ್ಟು, ವಾರಕ್ಕೊಮ್ಮೆ ಆಪ್ತಸಲಹೆಗೆ ಬರಹೇಳಿದರು. ಗೋಡೆಯೊಳಗಿನವರು ಒಂದೇ ದಿನಕ್ಕೆ ಹೋಗಲಿಲ್ಲ. ದಿನಗಳು ಕಳೆದಂತೆ ದೂರ ಸರಿದರು, ಒಂದು ದಿನ ಬರಲಿಲ್ಲ. ನಿದ್ದೆ ಬಂತು. ಮೇಜಿನಡಿ ಕಾಲು ಸುಮ್ಮನಾಯಿತು. ತಾಯಿಯನ್ನು ನೆನೆದು ಅವಳು ಬಾಯಿಬಿಟ್ಟು ಅತ್ತಳು.

ನಾಲ್ಕು ತಿಂಗಳ ಮೇಲೆ ಅದೇ ಅಂಗಿ ಹಿಡಿದು ಬಂದಳು. "ರೀ, ಪಕ್ಕ ಬಿಗೀತಿದೆ. ಬಿಚ್ಚಿಕೊಡಿ."

ಮಾಸ್ಟರ್ ಬ್ಲೇಡು ತೆಗೆದುಕೊಂಡರು. ಒಂದು ಸಾಲು ಬಿಚ್ಚುವಷ್ಟರಲ್ಲಿ ಅವರ ಕಣ್ಣು ಮಂಜಾಯಿತು. ಮಿಕ್ಕದ್ದನ್ನು ಅವಳೇ ಬಿಚ್ಚಿಕೊಂಡಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರದಾದರೂ ಬಟ್ಟೆ ಸಡಿಲವಾಗುತ್ತಿದೆಯೇ? ಎರಡು ವಾರದಿಂದ ನಿದ್ದೆ, ಊಟ, ನಗು ಇಲ್ಲವೇ? ಸೂಜಿ ಕೆಳಗಿಡಿ, ಪಕ್ಕದಲ್ಲಿ ಕೂತು ಕೇಳಿ. ಬದುಕು ಬೇಡ ಎಂದರೆ ನಾಳೆಗೆ ತಳ್ಳಬೇಡಿ, ಅವರ ಜೊತೆಗೇ ಇದ್ದು ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆ ಅಂಗಿಯಲ್ಲಿ ಸೂಜಿಯ ತೂತುಗಳು ಇವತ್ತಿಗೂ ಇವೆ. ಅದನ್ನು ತೊಡುವವಳೂ ಇದ್ದಾಳೆ.