ಗ್ಯಾನಮ್ಮನ ಅಳತೆ ಮೇಜು

ಅಳತೆ ಪೆಟ್ಟಿಗೆಯ ಗಾಜಿನೊಳಗೆ ಕೆಂಪಗೆ ಉರಿಯುತ್ತಿದ್ದ ಅಂಕಿ ಒಂಬತ್ತಕ್ಕೆ ಬಂದು ನಿಂತಿತು. ಅದನ್ನು ಮಾರಲು ಬೆಂಗಳೂರಿನ ಕಂಪನಿಯಿಂದ ಬಂದಿದ್ದ ಪ್ರತಿನಿಧಿ ಅದರಡಿಯಲ್ಲಿದ್ದ ಇಂಜಿನ್ನಿನ ಉಕ್ಕಿನ ಪಿನ್ನನ್ನು ತೆಗೆದು ಇನ್ನೊಂದನ್ನು ಇಟ್ಟ. ಹತ್ತು. ಮತ್ತೊಂದನ್ನು ಇಟ್ಟ. ಮತ್ತೆ ಒಂಬತ್ತು.

"ನೋಡಿ ಸರ್," ಎಂದು ಅವನು ಇಂಜಿನಿಯರ್ ಸಾಹೇಬರ ಕಡೆ ತಿರುಗಿದ. "ಒಂದು ಮಿಲಿಮೀಟರನ್ನ ಸಾವಿರ ಪಾಲು ಮಾಡಿದ್ರೆ ಅದರಲ್ಲಿ ಒಂಬತ್ತು ಪಾಲು ಜಾಸ್ತಿ ಇದೆ. ಕಣ್ಣಿಗೆ ಕಾಣೋದಿಲ್ಲ. ಆದರೆ ಇಂಜಿನ್ನಿಗೆ ಹಾಕಿದ ಮೇಲೆ ಹಿಡಿದುಕೊಳ್ಳುತ್ತೆ. ಇವನ್ನ ಪಾಸ್ ಮಾಡಿದವರು ಯಾರು?"

ಸಿಂಧನೂರಿನ ಕಾಲುವೆ ವರ್ಕ್‌ಶಾಪಿನಲ್ಲಿ ಆ ದಿನ ಯಾವ ಯಂತ್ರವೂ ತಿರುಗುತ್ತಿರಲಿಲ್ಲ. ವಿದ್ಯುತ್ತಿನಿಂದ ನಡೆಯುವ ಅಳತೆಯ ಉಪಕರಣ ಕೊಳ್ಳಲು ಸರ್ಕಾರದ ಮಂಜೂರಾತಿ ಬಂದಿತ್ತು. ಪರೀಕ್ಷೆಗೆ ಬಂದ ಎರಡು ಉಪಕರಣಗಳಲ್ಲಿ ಒಂದನ್ನು ಆರಿಸಬೇಕಿತ್ತು. ಅದನ್ನು ನೋಡಲೆಂದೇ ಟರ್ನರುಗಳು, ಫಿಟ್ಟರುಗಳು ಕೆಲಸ ಬಿಟ್ಟು ಬಂದು ಗೋಡೆಗುಂಟ ನಿಂತಿದ್ದರು. ಫೋರ್ಮನ್ ಯೂನುಸ್ ಮಿಸ್ತ್ರಿ ಗಂಟಲು ಸರಿಮಾಡಿಕೊಂಡರು.

"ಗ್ಯಾನಮ್ಮ ನೋಡ್ಯಾಳ್ರೀ ಸಾಹೇಬ್ರ. ಅರವತ್ತೂ ಪಿನ್ನು ಆಕೀನ ನೋಡ್ಯಾಳ."

ಎಲ್ಲರ ಕಣ್ಣು ಮೂಲೆಯ ಅಳತೆ ಮೇಜಿನ ಕಡೆ ಹೋಯಿತು. ಅಲ್ಲಿ ಗ್ಯಾನಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಮೂವತ್ತೆಂಟರ ಹೆಣ್ಣುಮಗಳು. ಆ ಪಿನ್ನುಗಳ ತುದಿಗೆಲ್ಲ ಹಳದಿ ಬಣ್ಣದ ಬೊಟ್ಟು ಇಟ್ಟವಳು ಅವಳೇ. ಬೊಟ್ಟು ಇದ್ದರೆ ಪಾಸಾದಂತೆ. ಮಸ್ಕಿಯ ಕಡೆ ಉಪಕಾಲುವೆ ಕಡಿಯುತ್ತಿದ್ದ ಮೂರು ಬುಲ್ಡೋಜರುಗಳು ಇಂಜಿನ್ ಬಿಚ್ಚಿಸಿಕೊಂಡು ಇವೇ ಪಿನ್ನುಗಳಿಗಾಗಿ ಕಾಯುತ್ತಿದ್ದವು. ಪರದೇಶದ ಬಿಡಿಭಾಗ ಸಿಗುವುದು ನಿಂತು ವರ್ಷವಾಗಿತ್ತು. ಅದಕ್ಕೇ ಯೂನುಸ್ ಮಿಸ್ತ್ರಿ ಇಲ್ಲೇ ಉಕ್ಕು ಕಡೆಯಿಸಿ, ಗ್ರೈಂಡಿಂಗ್ ಯಂತ್ರಕ್ಕೆ ಹಾಕಿ ಮಾಡಿಸಿದ್ದರು.

ಕಾಲುವೆಗೆ ಮಣ್ಣು ಹೊರಲು ಬಂದವಳು ಗ್ಯಾನಮ್ಮ. ಬಳಗಾನೂರಿನ ಹತ್ತಿರ ದಂಡೆ ಕುಸಿದು ಗಂಡ ಗಾಳೆಪ್ಪ ಮಣ್ಣಿನಡಿಗೆ ಹೋದ ಮೇಲೆ ಇಲಾಖೆಯವರು ಅವಳಿಗೆ ವರ್ಕ್‌ಶಾಪಿನ ಕಸ ಹೊಡೆಯುವ ನೌಕರಿ ಕೊಟ್ಟಿದ್ದರು. ಕಸ ಹೊಡೆಯುತ್ತಲೇ ಅವಳು ಅಳತೆಯ ಗೇಜುಗಳನ್ನು ಒರೆಸಿ, ಎಣ್ಣೆ ಸವರಿ, ಅದರದರ ಪೆಟ್ಟಿಗೆಯಲ್ಲಿ ಇಡತೊಡಗಿದಳು. ಯಾವುದನ್ನೂ ತಡವರಿಸದೆ ಇಡುವ ಆ ಕೈ ನೋಡಿ ಯೂನುಸ್ ಮಿಸ್ತ್ರಿ ಸೀಮೆಸುಣ್ಣದಲ್ಲಿ ನೆಲದ ಮೇಲೆ ಅಂಕಿ ಬರೆದು ಕಲಿಸಿದರು. ಎರಡು ವರ್ಷದಲ್ಲಿ ಅವಳು ಕೂದಲೆಳೆಯಷ್ಟನ್ನೂ ಅಳೆಯುವ ಮೈಕ್ರೋಮೀಟರ್ ಓದಲು ಕಲಿತಳು. ಹೆಂಗಸು ಪಾಸ್ ಮಾಡಿದ ಸಾಮಾನನ್ನು ನಾವು ಜೋಡಿಸಬೇಕೇ ಎಂದು ಫಿಟ್ಟರುಗಳು ಒಮ್ಮೆ ಅರ್ಜಿ ಬರೆದಿದ್ದರು. ಆ ಅರ್ಜಿ ಇನ್ನೂ ಆಫೀಸಿನ ಫೈಲಿನಲ್ಲಿತ್ತು.

"ಏನಮ್ಮ, ಹೆಂಗೆ ನೋಡಿದೆ ಇವನ್ನ?" ಸಾಹೇಬರು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬೇಸರವಿತ್ತು.

"ಉಂಗುರದಾಗ ಹಾಕಿ ನೋಡೀನ್ರಿ. ಒಂದೊಂದನ್ನ ಮೂರು ಸಲ." ನಲವತ್ತು ಮಿಲಿಮೀಟರಿನ ಪಿನ್ನು ಎಣ್ಣೆ ಹಚ್ಚಿದರೆ ಮಾತ್ರ ನುಸುಳುವಂಥ ಉಕ್ಕಿನ ಉಂಗುರ ಅದು. "ಒಂದೂ ಹಿಡಿದಿಲ್ರೀ."

"ಉಂಗುರ ಸವೆದಿರುತ್ತೆ," ಎಂದ ಪ್ರತಿನಿಧಿ.

ಹಾಗಾದರೆ ಮುಂದೇನೆಂದು ಗ್ಯಾನಮ್ಮನಿಗೆ ಗೊತ್ತಿತ್ತು. ಅರವತ್ತು ಪಿನ್ನೂ ಕರಗಿಸುವ ಕುಲುಮೆಗೆ ಹೋಗುತ್ತವೆ. ನಾಳೆ ಪೊರಕೆ ಕೈಗೆ ಬರುತ್ತದೆ. ಆದರೂ ಅವಳು ಮುಂದೆ ಬಂದು, ತಗಡಿನ ತಟ್ಟೆಯಲ್ಲಿದ್ದ ಪಿನ್ನಿಗೆ ಬೆರಳಿನ ಹಿಂಬದಿ ತಾಗಿಸಿದಳು. ಇನ್ನೊಂದಕ್ಕೆ ತಾಗಿಸಿದಳು. ಆಮೇಲೆ ಕಿಟಕಿಯ ಕಡೆ ನೋಡಿದಳು. ಪ್ರತಿನಿಧಿ ಬೆಳಿಗ್ಗೆ ಬಂದವನೇ ಎಲ್ಲರಿಗೂ ಕಾಣಲೆಂದು ತಟ್ಟೆಯನ್ನು ಕಿಟಕಿಗೆ ಹತ್ತಿಸಿ ಇಟ್ಟಿದ್ದ. ಮಾರ್ಚ್ ತಿಂಗಳ ಬಿಸಿಲು ಎರಡು ತಾಸಿನಿಂದ ಅದರ ಮೇಲೆ ಸುರಿಯುತ್ತಿತ್ತು.

"ಸಾಹೇಬ್ರ, ಇವು ಕಾದಾವ್ರೀ."

"ಅಂದ್ರೆ?"

"ಮುಟ್ಟಿ ನೋಡ್ರಿ. ಕಾದ ಉಕ್ಕು ಹಿಗ್ಗತೈತಿ. ಗ್ರೈಂಡಿಂಗಿನಿಂದ ಬಿಸಿಬಿಸಿ ತಂದ ಪಿನ್ನು ಉಂಗುರದಾಗ ಹೋಗಂಗಿಲ್ಲ. ಆರಿದ ಮ್ಯಾಲ ಹೋಗತೈತಿ. ಈ ಕಂಪನಿಯವ್ರು ಸೊನ್ನಿ ಹೊಂದಸಾಕ ಇಟ್ಟ ನಲವತ್ತರ ಅಳತಿ ತುಂಡು ನೋಡ್ರಿ, ಮಖಮಲ್ಲಿನ ಪೆಟಿಗ್ಯಾಗ ತಣ್ಣಗೆ ಕುಂತೈತಿ. ತಣ್ಣಂದು ಹಿಡಕೊಂಡು ಬಿಸೀದನ್ನ ಅಳದ್ರ ಹೆಂಗ್ರಿ?"

ಪ್ರತಿನಿಧಿ ನಕ್ಕ. "ಬಿಸಿಲಿಗೆ ಅಷ್ಟೆಲ್ಲ ಹಿಗ್ಗೋದಿಲ್ಲಮ್ಮ."

"ಸಾವಿರ ಪಾಲಿನಾಗ ಒಂಬತ್ತು ಪಾಲು ಅಂತ ನೀವ ಅಂದ್ರೆಲ್ರೀ. ಅಷ್ಟೂ ಹಿಗ್ಗಂಗಿಲ್ಲೇನ್ರಿ?"

ಗೋಡೆಗುಂಟ ನಿಂತವರಲ್ಲಿ ಯಾರೋ ಕೆಮ್ಮಿದರು. ಸಾಹೇಬರು ಒಂದು ಪಿನ್ನನ್ನು ಕೈಗೆ ತೆಗೆದುಕೊಂಡು ಅಂಗೈಯಲ್ಲಿ ತೂಗಿದಂತೆ ಹಿಡಿದು, ಕೆಳಗಿಟ್ಟರು. "ಏನು ಮಾಡಬೇಕು ಹೇಳು."

"ಪಿನ್ನು, ಆ ತುಂಡು, ಎರಡನ್ನೂ ಈ ಬೀಡಿನ ಹಾಸಿನ ಮ್ಯಾಲ ಜೋಡಿಸಿ ಇಡ್ತೀನ್ರಿ. ಒಂದು ತಾಸು ಯಾರೂ ಮುಟ್ಟಬಾರ್ದು."

ಅಳತೆ ಮೇಜಿನ ಮೇಲಿನ ಆ ದಪ್ಪ ಬೀಡುಕಬ್ಬಿಣದ ಹಾಸು ನೆರಳಲ್ಲಿತ್ತು. ಅವಳು ಬಟ್ಟೆಯಲ್ಲಿ ಹಿಡಿದು ಹತ್ತು ಪಿನ್ನುಗಳನ್ನು ಸಾಲಾಗಿ ಇಟ್ಟು, ಪಕ್ಕದಲ್ಲಿ ಮಖಮಲ್ಲಿನ ಪೆಟ್ಟಿಗೆಯ ತುಂಡನ್ನೂ ಇಟ್ಟಳು. ಸಾಹೇಬರು ಚಹಾ ತರಿಸಿದರು. ಗ್ಯಾನಮ್ಮ ಕುಡಿಯಲಿಲ್ಲ. ಉಂಗುರ ನಿಜವಾಗಿಯೂ ಸವೆದಿದ್ದರೆ ಎಂಬ ಮಾತು ತಲೆಯೊಳಗೆ ಸುತ್ತುತ್ತಿತ್ತು.

ತಾಸು ಕಳೆದ ಮೇಲೆ ಪ್ರತಿನಿಧಿ ತುಂಡನ್ನಿಟ್ಟು ಸೊನ್ನೆ ಹೊಂದಿಸಿದ. ಪಿನ್ನನ್ನು ಇಟ್ಟ. ಕೆಂಪು ಅಂಕಿ ಸೊನ್ನೆಗಿಂತ ಒಂದು ಕಡಿಮೆ ತೋರಿಸಿತು. ಎರಡನೆಯದು ಎರಡು ಕಡಿಮೆ. ಮೂರನೆಯದು ಒಂದು. ಹತ್ತನೆಯದರವರೆಗೂ ಒಂದೂ ಸೊನ್ನೆಯನ್ನು ದಾಟಲಿಲ್ಲ. ಯೂನುಸ್ ಮಿಸ್ತ್ರಿ ತಲೆಯ ಟೋಪಿ ತೆಗೆದು, ಬೆವರು ಒರೆಸಿ, ಮತ್ತೆ ಇಟ್ಟುಕೊಂಡರು.

ಪ್ರತಿನಿಧಿ ಜಾಣ. ಕೂಡಲೇ ಮಾತು ತಿರುಗಿಸಿದ. "ನೋಡಿದಿರಾ ಸರ್, ಬಿಸಿಲಿನ ಹಿಗ್ಗನ್ನೂ ಹಿಡಿದು ಹೇಳಿತು. ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಗುತ್ತೆ?"

ಸಾಹೇಬರಿಗೂ ಹಾಗೇ ಅನಿಸಿದಂತಿತ್ತು. ಪುಣೆಯಿಂದ ಪಾರ್ಸೆಲ್ಲಿನಲ್ಲಿ ಬಂದಿದ್ದ ಇನ್ನೊಂದು ಉಪಕರಣ ಬೆಳಿಗ್ಗೆಯಿಂದ ಸ್ವಿಚ್ಚು ಹಾಕಿಕೊಂಡೇ ಪಕ್ಕದಲ್ಲಿತ್ತು. ಅದರ ಪರವಾಗಿ ಮಾತಾಡಲು ಯಾರೂ ಬಂದಿರಲಿಲ್ಲ. ಬೂದು ಬಣ್ಣದ ಡಬ್ಬಿ, ಅದರ ಮುಖದ ಮೇಲೊಂದು ಮುಳ್ಳು. ಉರಿಯುವ ಅಂಕಿಗಳ ಮುಂದೆ ಅದು ಹಳೆಯ ಕಾಲದ್ದೆಂಬಂತೆ ಕಾಣುತ್ತಿತ್ತು. ಸಾಹೇಬರು ಪೆನ್ನಿನ ಟೊಪ್ಪಿಗೆ ಬಿಚ್ಚಿದರು.

"ಸಾಹೇಬ್ರ, ಇನ್ನೊಂದು ಮಾತೈತ್ರೀ," ಎಂದಳು ಗ್ಯಾನಮ್ಮ. "ಇವತ್ತು ಮಷಿನ್ ಎಲ್ಲಾ ನಿಂತಾವ. ನಾವು ದಿನಾ ಅಳಿಯೋದು ಮಷಿನ್ ನಡೀವಾಗ್ರೀ. ಗ್ರೈಂಡಿಂಗ್ ಚಾಲೂ ಮಾಡಸ್ರಿ. ನಾ ಎರಡರಾಗೂ ಒಂದ ಪಿನ್ನು ಹತ್ತು ಸಲ ಅಳೀತೀನಿ."

ಯೂನುಸ್ ಮಿಸ್ತ್ರಿ ತಾವೇ ಹೋಗಿ ಗುಂಡಿ ಒತ್ತಿದರು. ದೊಡ್ಡ ಮೋಟರು ಗುರುಗುಟ್ಟಿ ಎದ್ದಿತು. ಮೇಲಿನ ಬಲ್ಬುಗಳು ಮಂಕಾಗಿ, ಮತ್ತೆ ಬೆಳಗಿದವು. ಕೆಂಪು ಅಂಕಿ ಆರಕ್ಕೆ ಹಾರಿತು, ಹದಿನಾಲ್ಕಕ್ಕೆ ಹೋಯಿತು, ಮೂರಕ್ಕೆ ಇಳಿಯಿತು. ಪಿನ್ನು ಮಾತ್ರ ಅಲುಗದೆ ಇದ್ದಲ್ಲೇ ಇತ್ತು. ಗ್ಯಾನಮ್ಮ ಹತ್ತು ಸಲ ಎತ್ತಿ ಇಟ್ಟು, ಹತ್ತು ಅಂಕಿಗಳನ್ನು ಒಂದರ ಕೆಳಗೊಂದು ಬರೆದಳು. ಆಮೇಲೆ ಬೂದು ಡಬ್ಬಿಯಲ್ಲಿ ಅಳೆದಳು. ಮೋಟರನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದಾಗ ಮುಳ್ಳು ಒಮ್ಮೆ ನಡುಗಿ ತನ್ನ ಜಾಗಕ್ಕೇ ಬಂತು. ಒಂದು ಕಡಿಮೆ, ಒಂದು ಕಡಿಮೆ, ಒಂದೂವರೆ, ಒಂದು.

"ಇಲ್ಲಿ ಕರೆಂಟು ಸರಿಯಿಲ್ಲ ಸರ್. ಸ್ಟೆಬಿಲೈಸರ್ ಹಾಕಿದ್ರೆ ಸರಿಹೋಗುತ್ತೆ," ಎಂದ ಪ್ರತಿನಿಧಿ. ಅವನ ದನಿ ಮೆತ್ತಗಾಗಿತ್ತು.

"ಇರಬಹುದು. ನಮಗೆ ಇರೋ ಕರೆಂಟು ಇದೇ." ಸಾಹೇಬರು ಗ್ಯಾನಮ್ಮ ಬರೆದ ಹಾಳೆಯನ್ನು ಬಹಳ ಹೊತ್ತು ನೋಡಿದರು. ಅಂಕಿಗಳು ದಪ್ಪವಾಗಿ, ಸ್ವಲ್ಪ ಓರೆಯಾಗಿ ಇದ್ದವು. ಒಂದನ್ನೂ ಹೊಡೆದುಹಾಕಿ ತಿದ್ದಿರಲಿಲ್ಲ. ಆ ಹಾಳೆಯನ್ನೇ ವರದಿಗೆ ಗುಂಡುಸೂಜಿ ಚುಚ್ಚಿ ಲಗತ್ತಿಸಿದರು. ಬೂದು ಡಬ್ಬಿ ಸಿಂಧನೂರಿನಲ್ಲೇ ಉಳಿಯಿತು.

ಆ ಸಂಜೆ ಬಾಗಿಲು ಮುಚ್ಚುವಾಗ ಯೂನುಸ್ ಮಿಸ್ತ್ರಿ ಅವಳ ಜೊತೆ ಗೇಟಿನವರೆಗೆ ನಡೆದರು. "ಬಿಸಿಲಿಂದು ನಂಗೂ ಹೊಳೀಲಿಲ್ಲ ಬೇಟಿ," ಎಂದರು. "ಮೂವತ್ತು ವರ್ಷ ಈ ಕೆಲಸ ಮಾಡೀನಿ. ಅಂಕಿ ನೋಡಿ ನಾನೂ ಹೌದು ಅಂದ್ಕೊಂಡಿದ್ದೆ." ಗ್ಯಾನಮ್ಮ ಅವರಿಗೆ ಕೈಮುಗಿದು ಹೊರಟಳು. ಮನೆಯವರೆಗೂ ಬೆನ್ನು ನೆಟ್ಟಗೆ ಮಾಡಿಕೊಂಡೇ ನಡೆದಳು. ದಾರಿಯಲ್ಲಿ ತನ್ನಷ್ಟಕ್ಕೆ ಎರಡು ಸಲ ನಕ್ಕಳು. ಮುಂದಿನ ವಾರ ಮಸ್ಕಿಯ ಬುಲ್ಡೋಜರುಗಳು ಹೊರಟವೆಂದು ಫಿಟ್ಟರುಗಳೇ ಬಂದು ಅವಳಿಗೆ ಹೇಳಿದರು.

ಜೂನಿನಲ್ಲಿ ಲಿಂಗಸುಗೂರಿನ ವರ್ಕ್‌ಶಾಪಿಗೂ ಅಂಥದೇ ಒಂದು ಡಬ್ಬಿ ಬಂತು. ಅಲ್ಲಿನವರಿಗೆ ಕಲಿಸಿ ಬರಲು ಗ್ಯಾನಮ್ಮನನ್ನೇ ಕಳಿಸಬೇಕೆಂದು ಸಾಹೇಬರು ಆದೇಶ ಬರೆದರು. ಅವಳು ಒಗೆದ ಇಳಕಲ್ ಸೀರೆ ಉಟ್ಟು ಬೆಳಗಿನ ಬಸ್ಸಿಗೆ ಹೋದಳು. ಏಳು ಮಂದಿ ಗಂಡಸರು ಮೇಜಿನ ಸುತ್ತ ನಿಂತಿದ್ದರು. ಇಬ್ಬರ ಮೀಸೆ ನರೆತಿತ್ತು. ಅವಳು ಡಬ್ಬಿಯ ದಾರ ಬಿಚ್ಚಿ, ವೈರು ಸಿಕ್ಕಿಸಿ, ಸ್ವಿಚ್ಚು ಹಾಕಿದಳು. ಒಬ್ಬ ಕೂಡಲೇ ಒಂದು ಶಾಫ್ಟನ್ನು ಮುಂದೆ ಚಾಚಿದ.

"ಈಗ ಬ್ಯಾಡ್ರಿ," ಎಂದಳು ಗ್ಯಾನಮ್ಮ. "ಒಳಗಿಂದು ಬೆಚ್ಚಗಾಗಬೇಕು. ಅರ್ಧ ತಾಸು ತಡೀರಿ. ಅಲ್ಲೀತನಕ ಅದು ಹೇಳಿದ್ದು ನಂಬಬ್ಯಾಡ್ರಿ."

ಅವನು ಶಾಫ್ಟನ್ನು ಕೆಳಗಿಟ್ಟ. ಯಾರೋ ಒಂದು ಕುರ್ಚಿ ತಂದು ಅವಳ ಹಿಂದೆ ಇಟ್ಟರು. ಹೊರಗೆ ಮುದಗಲ್ಲಿನ ಬಸ್ಸು ಹಾರ್ನು ಹೊಡೆದು ಹೊರಟುಹೋಯಿತು. ಗ್ಯಾನಮ್ಮ ಕುರ್ಚಿಯಲ್ಲಿ ಕುಳಿತು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಮುಳ್ಳು ಇರುವೆ ನಡೆದಷ್ಟು ನಿಧಾನವಾಗಿ ಸರಿಯುತ್ತಿತ್ತು. ಏಳು ಮಂದಿಯೂ ಬಗ್ಗಿ ಅದನ್ನೇ ನೋಡುತ್ತ, ಅವಳು ಹೇಳುವುದನ್ನು ಕಾಯುತ್ತ ನಿಂತಿದ್ದರು.